ಮನೆಯಂಗಳದಲ್ಲಿ ಮುಧೋಳ ಮರಿಗಳು : ಮೊದಲ ಸೂಲಿನ ಲೆಕ್ಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೂ ರೈತರೂ ಆದವರು ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘಕ್ಕೆ ಇಂದು 25 ವರ್ಷ ತುಂಬಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಅಂದು ಹಚ್ಚಿದ ದೀಪದ ಬೆಳಕು ನಮ್ಮಂಥ ಸಣ್ಣ ಊರಿಗೂ ಬಂದು ಮುಟ್ಟಿದೆ. ಆ ಹಿರಿಯರನ್ನು ನೆನೆದು ನಮ್ಮ ಮಾತು ಆರಂಭಿಸುತ್ತೇವೆ.

ಹಾಲಿನ ಸಂಘದ ಕಾರ್ಯಕ್ರಮದಲ್ಲಿ ನಾಯಿಮರಿ ಬಗ್ಗೆ ಭಾಷಣ ಏನ್ರಿ ಅಂತ ಕೆಲವರು ನಕ್ಕರು. ನಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮದು ಮುಧೋಳ ತಾಲೂಕು. ಕವಿ ರನ್ನ ಹುಟ್ಟಿದ ನೆಲ ಇದು. ಹೊರಗಿನವರಿಗೆ ಮುಧೋಳ ಅಂದಕೂಡಲೇ ಮೊದಲು ನೆನಪಾಗುವುದು ಮಾತ್ರ ನಮ್ಮ ನಾಯಿ. ಈಗ ನಮ್ಮ ಸದಸ್ಯರಲ್ಲೇ ಹಲವರು ಎಮ್ಮೆ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಹೆಣ್ಣುನಾಯಿ ಕಟ್ಟಿಕೊಂಡಿದ್ದಾರೆ. ಮರಿ ಮಾರಿದರೆ ರೊಕ್ಕ ಬರ್ತದ ಅನ್ನುವ ಸುದ್ದಿ ಹರಡಿದೆ. ಎಷ್ಟು ಬರ್ತದ, ಎಷ್ಟು ಹೋಗ್ತದ, ನಡುವೆ ಏನೇನು ಅನುಭವಿಸಬೇಕಾಗ್ತದ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಸೂಲಿನ ಮರಿಗಳನ್ನು ಬೆಳೆಸಿ ಮಾರಿದ ಅನುಭವವನ್ನು ಇದ್ದದ್ದು ಇದ್ದಂತೆ ತಮ್ಮ ಮುಂದೆ ಇಡುತ್ತೇವೆ.

ಮೊದಲು ಈ ತಳಿಯ ಬಗ್ಗೆ ಎರಡು ಮಾತು. ಹಿಂದೆ ಬೇಟೆಯಾಡಿ ಬದುಕುತ್ತಿದ್ದ ಜನರ ಹತ್ತಿರ ಇದ್ದ ಈ ನಾಯಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಗುರುತಿಸಿ, ಒಳ್ಳೆಯವನ್ನು ಆರಿಸಿ ತಳಿ ಉಳಿಸಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಅವರಿಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟರು ಎಂಬುದು ಎಲ್ಲರೂ ಬಲ್ಲ ಸಂಗತಿ. 2005ರಲ್ಲಿ ಅಂಚೆ ಇಲಾಖೆಯವರು ನಮ್ಮ ನಾಯಿಯ ಚಿತ್ರದ ಅಂಚೆಚೀಟಿ ತಂದರು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗಾಗಿ ಮರಿಗಳು ಹೋದವು. 2020ರ ಆಗಸ್ಟ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ರೇಡಿಯೋದ 'ಮನ್ ಕಿ ಬಾತ್'ನಲ್ಲಿ ಇದರ ಹೆಸರು ಹೇಳಿದರು. ಬೀದರಿನ ಪಶು ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರ ನಮ್ಮ ತಿಮ್ಮಾಪುರದಲ್ಲೇ ಇದೆ. ಹೆಸರು ದೊಡ್ಡದಾದಷ್ಟು ಬೇಡಿಕೆ, ಬೇಡಿಕೆ ಹೆಚ್ಚಾದಷ್ಟು ಮೋಸ. ಸಿಕ್ಕ ನಾಯಿಗೆ ಸಿಕ್ಕ ನಾಯಿ ಕೂಡಿಸಿ 'ಮುಧೋಳ' ಅಂತ ಮಾರುವವರೂ ಹುಟ್ಟಿಕೊಂಡಿದ್ದಾರೆ. ಇದರಿಂದ ಕೆಡುವುದು ನಮ್ಮ ಊರ ಹೆಸರು.

ತಾಯಿ ಗಟ್ಟಿ ಇದ್ದರೆ ಮರಿ ಗಟ್ಟಿ. ಇದು ಆಕಳಿಗೂ ಒಂದೇ, ನಾಯಿಗೂ ಒಂದೇ. ನಮ್ಮ ಹೆಣ್ಣುನಾಯಿ ಮಿಂಚಿ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಉದ್ದ ಕಾಲು. ಪಕ್ಕೆಲುಬು ಸ್ವಲ್ಪ ಕಾಣುವುದು ಈ ತಳಿಗೆ ಸಹಜ. ಹೊರಗಿನವರು ನೋಡಿ "ಪಾಪ, ಕೂಳು ಹಾಕಿಲ್ಲೇನ್ರಿ" ಅಂತಾರೆ. ಮೊದಲ ಬಾರಿ ಬೆದೆಗೆ ಬಂದಾಗ ಅದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ, ಕೂಡಿಸಲಿಲ್ಲ. 2017ರಲ್ಲಿ ಕೇಂದ್ರ ಸರಕಾರ ನಾಯಿ ಸಾಕಿ ಮಾರುವವರಿಗೆ ನಿಯಮ ಮಾಡಿದೆ. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ಮರಿಗೆ 8 ವಾರ ತುಂಬುವ ಮುಂಚೆ ಮಾರುವಂತಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಪಶು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ನಾವು ನೋಂದಣಿ ಮಾಡಿಸಿಕೊಂಡೇ ಮುಂದಿನ ಹೆಜ್ಜೆ ಇಟ್ಟೆವು.

ಗಂಡು ಹುಡುಕಲು ಎರಡು ತಿಂಗಳು ತಿರುಗಿದೆವು. ಹತ್ತಿರದಲ್ಲೇ ಒಂದು ಚೆಂದನ ಗಂಡು ಇತ್ತು. ವಿಚಾರಿಸಿದರೆ ಅದೂ ಮಿಂಚಿಯೂ ಒಂದೇ ತಂದೆಯ ಮಕ್ಕಳು. ಅಣ್ಣ ತಂಗಿಯನ್ನು, ತಂದೆ ಮಗಳನ್ನು ಕೂಡಿಸಿದರೆ ಒಳಗಿನ ದೋಷಗಳು ಮರಿಯಲ್ಲಿ ಎದ್ದು ಬರ್ತಾವೆ, ಬಲ ಕಡಿಮೆಯಾಗ್ತದ. ಕೃತಕ ಗರ್ಭಧಾರಣೆ ಮಾಡಿಸುವಾಗ ಡಾಕ್ಟರು ಹೋರಿಯ ನಂಬರು ಬರೆದಿಡುವುದು ಇದೇ ಕಾರಣಕ್ಕೆ. ಕೊನೆಗೆ ಪಕ್ಕದ ತಾಲೂಕಿನ ಒಬ್ಬ ರೈತರ ಗಂಡುನಾಯಿ ಗೊತ್ತು ಮಾಡಿದೆವು. ರೊಕ್ಕ ಬೇಡ, ಒಂದು ಮರಿ ಕೊಡ್ರಿ ಅಂತ ಮಾತಾಯಿತು.

ದೀಪಾವಳಿಯ ಬಲಿಪಾಡ್ಯಮಿ ದಿನ ಕೂಡಿಸಿದೆವು. ನಾಯಿಯ ಗರ್ಭ ಸುಮಾರು 63 ದಿನ, ಒಂದೆರಡು ದಿನ ಹಿಂದೆ ಮುಂದೆ ಆಗಬಹುದು. ಮೊದಲ ತಿಂಗಳು ಊಟ ಹೆಚ್ಚು ಮಾಡಲಿಲ್ಲ. ಕೊನೆಯ ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಹಾಕಿದೆವು. ಜೋಳದ ರೊಟ್ಟಿ ಮಜ್ಜಿಗೆ ಮಾತ್ರ ತಿಂದು ನಾಯಿ ಮರಿ ಹಾಕಿ ಹಾಲು ಕೊಡಲಾರದು. ಬೇಯಿಸಿದ ತತ್ತಿ, ಮಾಂಸ, ಅನ್ನ ಎಲ್ಲ ಬೇಕು. ಕ್ಯಾಲ್ಸಿಯಂ ಔಷಧವನ್ನು ಎಮ್ಮೆಗೆ ಕೊಟ್ಟಂತೆ ನಾವೇ ಹಾಕಬಾರದು. ಗರ್ಭ ಇದ್ದಾಗ ಲೆಕ್ಕವಿಲ್ಲದೆ ಹಾಕಿದರೆ ಈದ ಮೇಲೆ ನಡುಕ ಬರುವ ಅಪಾಯ ಹೆಚ್ಚು ಅಂತ ಡಾಕ್ಟರು ಎಚ್ಚರಿಸಿದ್ದರು.

ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಹಲಗೆಗಳಿಂದ ನಾಲ್ಕು ಅಡಿ ಉದ್ದಗಲದ ಒಂದು ಪೆಟ್ಟಿಗೆ ಮಾಡಿದೆವು. ಒಳಗೆ ಸುತ್ತಲೂ, ನೆಲದಿಂದ ನಾಲ್ಕು ಬೆರಳು ಮೇಲೆ, ಒಂದು ಪಟ್ಟಿ ಹೊಡೆದೆವು. ತಾಯಿ ಗೋಡೆಗೆ ಒರಗಿ ಮಲಗಿದಾಗ ಮರಿ ನಡುವೆ ಸಿಕ್ಕು ಸಾಯಬಾರದು, ಅದಕ್ಕೆ ಆ ಪಟ್ಟಿ. ಕೊನೆಯ ವಾರ ದಿನಕ್ಕೆ ಎರಡು ಸಲ ಮೈ ಶಾಖ ನೋಡಿದೆವು. ಶಾಖ 99 ಡಿಗ್ರಿಗಿಂತ ಕೆಳಗೆ ಇಳಿದರೆ ಒಂದು ದಿನದೊಳಗೆ ಈಯುತ್ತದೆ.

ಎಳ್ಳಮಾವಾಸ್ಯೆ ಆಗಿ 5ನೇ ದಿನ, ಬರೋಬ್ಬರಿ 63ಕ್ಕೆ, ರಾತ್ರಿ ಈಯಲು ಶುರು ಮಾಡಿತು. ಬೆಳಗಿನವರೆಗೆ 7 ಮರಿ. ನಾಲ್ಕು ಹೆಣ್ಣು, ಮೂರು ಗಂಡು. ನಾವು ದೂರ ಕೂತು ನೋಡಿದೆವು ಹೊರತು ಕೈ ಹಾಕಲಿಲ್ಲ. ತಾಯಿಯೇ ಚೀಲ ಹರಿದು, ಹೊಕ್ಕಳು ಕಡಿದು, ನೆಕ್ಕಿ ಒಣಗಿಸಿತು. ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬಾರದಿದ್ದರೆ ಡಾಕ್ಟರಿಗೆ ಫೋನು ಮಾಡಬೇಕು, ಅದನ್ನು ತಡ ಮಾಡಬಾರದು. ಹುಟ್ಟಿದ ಮರಿಗೆ ಮೊದಲ ದಿನವೇ ಗಿಣ್ಣು ಹಾಲು ಸಿಗಬೇಕು. ಕರುವಿಗೆ ಹೇಗೋ ಹಾಗೆಯೇ.

ನಮ್ಮ ಮಗಳು ಒಂದು ನೋಟುಬುಕ್ಕು ಇಟ್ಟಳು. ಒಂದೊಂದು ಮರಿಗೆ ಒಂದೊಂದು ಕಡೆ ಉಗುರುಬಣ್ಣದ ಚುಕ್ಕೆ ಇಟ್ಟು ಗುರುತು ಮಾಡಿ, ಕಿರಾಣಿ ಅಂಗಡಿಯ ತಕ್ಕಡಿ ತಂದು ದಿನಾ ತೂಗಿ ಬರೆದಳು. ಮರಿಯ ತೂಕ ದಿನಾ ಏರಬೇಕು, ಎಂಟು ಹತ್ತು ದಿನಕ್ಕೆ ಹುಟ್ಟಿದಾಗಿನ ಎರಡರಷ್ಟು ಆಗಬೇಕು. ಏರದಿದ್ದರೆ ಏನೋ ಕೊರತೆ ಅಂತ ಅರ್ಥ. ಒಂದು ಹೆಣ್ಣುಮರಿ ಹುಟ್ಟಿನಿಂದಲೇ ಸಣ್ಣದು. ಅದನ್ನು ಹಿಡಿದು ತಾಯಿಯ ಹಿಂದಿನ ಮೊಲೆಗೆ ಹಚ್ಚಿದೆವು, ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ಮೂರನೇ ರಾತ್ರಿ ಅದು ಉಳಿಯಲಿಲ್ಲ. ಡಾಕ್ಟರು ನೋಡಿ ಹುಟ್ಟಿನಿಂದಲೇ ಬಲ ಇರಲಿಲ್ಲ ಅಂದರು. ಮಿಂಚಿ ಎರಡು ದಿನ ಪೆಟ್ಟಿಗೆಯ ಮೂಲೆ ಮೂಲೆ ಮೂಸಿ ಹುಡುಕಿತು. ನಾಯಿ ಸಾಕುವವರು ಇದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಉಳಿದವು 6. ಮೊದಲ ವಾರ ಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಅದು ಚಳಿಗಾಲ. ಮೇಲೆ ಒಂದು ಬಲ್ಬು ತೂಗುಹಾಕಿದೆವು, ಕರೆಂಟು ಹೋದಾಗ ಬಿಸಿನೀರ ಬಾಟಲಿ. ಮರಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದರೆ ಚಳಿ, ದೂರ ದೂರ ಬಿದ್ದು ಏದುತ್ತಿದ್ದರೆ ಸೆಕೆ. ಸುಮ್ಮನೆ ಹತ್ತಿರ ಮಲಗಿದ್ದರೆ ಸರಿ ಇದೆ ಅಂತ ತಿಳಿಯಬೇಕು. ಎರಡನೇ ವಾರದಲ್ಲಿ ಕಣ್ಣು ಬಿಟ್ಟವು. 15ನೇ ದಿನ ಡಾಕ್ಟರು ತೂಕ ನೋಡಿ ಜಂತಿನ ಔಷಧ ಕೊಟ್ಟರು, ಆಮೇಲೆ ಎರಡು ವಾರಕ್ಕೊಮ್ಮೆ. ಅದೇ ಹೊತ್ತಿಗೆ ತಾಯಿಗೂ. ನಾಲ್ಕನೇ ವಾರದಿಂದ ಮೆತ್ತಗೆ ಬೇಯಿಸಿದ ಅನ್ನ, ತತ್ತಿ, ಕಿವುಚಿದ ಮಾಂಸ, ತುಸು ತುಸು. ಎಮ್ಮೆ ಹಾಲು ಮನೆಯಲ್ಲಿ ಇದೆ ಅಂತ ಬಟ್ಟಲು ತುಂಬ ಸುರಿದರೆ ಮರಿಗೆ ಉಚ್ಚಾಟ ಹಿಡಿಯುತ್ತದೆ. ತಾಯಿಹಾಲೇ ಮುಖ್ಯ. ಹಾಲು ಕೊಡುವ ತಾಯಿಗೆ ಈ ಹೊತ್ತಿನಲ್ಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕು.

ಮರಿಗಳಿಗೆ 33 ದಿನ ಆದಾಗ ಒಬ್ಬರು ಜೀಪು ತಗೊಂಡು ಬಂದರು. ಊರೂರು ತಿರುಗಿ ಮರಿ ಕೊಂಡು ದೊಡ್ಡ ಊರಿಗೆ ಒಯ್ಯುವವರು. ಗಂಡುನಾಯಿಯವರ ಪಾಲಿನ ಒಂದು ಬಿಟ್ಟು ಐದೂ ಮರಿಗೆ ಒಂದಕ್ಕೆ 5,000ದಂತೆ 25,000 ರೂಪಾಯಿ ನಗದು ಕಟ್ಟೆಯ ಮೇಲೆ ಇಟ್ಟರು. "ಇವತ್ತ ಒಯ್ತೀನ್ರಿ. ನಿಮಗ ಮುಂದಿನ ಖರ್ಚಿಲ್ಲ, ಕಾಳಜಿ ಇಲ್ಲ" ಅಂದರು.

ಆ ವಾರವೇ ಮಗಳ ಕಾಲೇಜಿನ ಫೀ ಕಟ್ಟುವ ಕೊನೆಯ ದಿನ ಇತ್ತು. ಕಬ್ಬಿನ ಬಿಲ್ಲು ಇನ್ನೂ ಕೈಸೇರಿರಲಿಲ್ಲ. ನಮ್ಮ ಅವ್ವ ಅಂದಳು: "ಕೈಗೆ ಬಂದ ರೊಕ್ಕ ಬಿಡಬ್ಯಾಡಪಾ. ನಾಳೆ ರೋಗ ಬಂತಂದ್ರ ಮರಿನೂ ಇಲ್ಲ, ರೊಕ್ಕನೂ ಇಲ್ಲ." ಅವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗಳು, "ಯಜ್ಜಿ, ಇನ್ನೂ ಮೊಲಿ ಬಿಟ್ಟಿಲ್ಲ ಅವು" ಅಂತ ಕಣ್ಣೀರು ತಂದಳು. ಆಗ ನಮ್ಮ ಮನೆಯಾಕೆ ಹೇಳಿದ ಮಾತು ಇದು: "ಇಷ್ಟು ವರ್ಷ ಸಂಘಕ್ಕ ಹಾಲು ಹಾಕೇವಿ. ಒಂದು ದಿನಾನೂ ನೀರು ಬೆರೆಸಿಲ್ಲ. ಲಸಿಕಿ ಇಲ್ಲದ್ದು, ಮೊಲಿ ಬಿಡದ್ದು ಮರಿ ಮಾರೂದು ನೀರು ಬೆರೆಸಿದಂಗ ಅಲ್ಲೇನ್ರಿ?"

ಅಷ್ಟರಲ್ಲಿ ಬಂದವರೇ ಇನ್ನೊಂದು ಮಾತು ಆಡಿದರು. ಇದರಲ್ಲಿ ಎರಡು ಮೊಲದ ಬೇಟೆಗೆ ಬೇಕಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಾಯಿ ಓಡುವುದು ಅದರ ಗುಣ, ಕಾಡುಪ್ರಾಣಿ ಕೊಲ್ಲಿಸುವುದು ನಮ್ಮ ಗುಣ ಆಗಬಾರದು. ನಾವು ಕೈ ಮುಗಿದು, ಚಹಾ ಕುಡಿಸಿ, ಶಿವರಾತ್ರಿ ಮುಗಿದ ಮೇಲೆಯೇ ಮರಿ ಕೊಡುವುದು ಅಂತ ಹೇಳಿ ಕಳಿಸಿದೆವು. ಫೀ ಹೇಗೆ ಕಟ್ಟಿದಿರಿ ಅಂತ ಕೇಳಬಹುದು. ಸಂಘದ ಎರಡು ಬಟವಾಡೆಯ ಹಣ ಕೂಡಿಸಿ ಕಟ್ಟಿದೆವು. ಆ ತಿಂಗಳು ಮನೆಗೆ ಕಿರಾಣಿ ಉದ್ರಿ ಬಂತು. ಅದೂ ನಿಜ.

ಮರಿ ಯಾಕೆ 8 ವಾರ ತಾಯಿ ಹತ್ತಿರ ಇರಬೇಕು? ಹಾಲಿಗಾಗಿ ಮಾತ್ರ ಅಲ್ಲ. ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ ಎಷ್ಟು ಕಚ್ಚಿದರೆ ನೋವಾಗ್ತದ ಅನ್ನುವುದನ್ನು ಅದು ಕಲಿಯುತ್ತದೆ. ಬೇಗ ಕಿತ್ತ ಮರಿ ಅಂಜುಬುರುಕ ಆಗ್ತದ, ಇಲ್ಲವೇ ಕಚ್ಚುಬಾಯಿ ಆಗ್ತದ. ಮೂರನೇ ವಾರದ ನಂತರ ಮರಿಗಳಿಗೆ ಮನುಷ್ಯರ ಕೈ, ಮಿಕ್ಸರ್ ಸಪ್ಪಳ, ಟ್ರ್ಯಾಕ್ಟರ್ ಸಪ್ಪಳ, ಎಮ್ಮೆ, ಕೋಳಿ ಎಲ್ಲ ರೂಢಿ ಮಾಡಿಸಬೇಕು.

ಅವ್ವ ಹೇಳಿದ ರೋಗದ ಮಾತು ಹತ್ತಿರವೇ ಬಂದು ನಿಂತಿತು. 40ನೇ ದಿನದ ಹೊತ್ತಿಗೆ ನಮ್ಮ ಓಣಿಯಲ್ಲಿ ಎರಡು ಬೀದಿಮರಿಗಳು ರಕ್ತಬೇಧಿಯಾಗಿ ಸತ್ತವು. ಡಾಕ್ಟರು ಪಾರ್ವೋ ಇರಬಹುದು ಅಂದರು. ಆ ವೈರಾಣು ಚಪ್ಪಲಿಗೆ, ಬುಟ್ಟಿಗೆ, ಕೈಗೆ ಹತ್ತಿ ಬರುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬರೀ ಫಿನಾಯಿಲ್ ನಂಬಬಾರದು, ಬ್ಲೀಚಿಂಗ್ ಪುಡಿಯ ನೀರು ಬೇಕು. ಅದನ್ನೂ ಮರಿಗಳನ್ನು ಬೇರೆ ಕಡೆ ಇಟ್ಟು ಹಚ್ಚಿ, ತೊಳೆದು, ಒಣಗಿದ ಮೇಲೆ ಬಿಡಬೇಕು. ಅಂಗಳದ ಬಾಗಿಲು ಹಾಕಿದೆವು. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ಬೀಗರು ಬಂದರೂ ಅದೇ ನಿಯಮ. ಒಂದಿಬ್ಬರು ಸಿಟ್ಟಾದರು. 42ನೇ ದಿನ ಆರೂ ಮರಿಗೆ ಮೊದಲ ಲಸಿಕೆ ಆಯಿತು. ಆದರೆ ಮೊದಲ ಲಸಿಕೆ ಹಾಕಿದಾಕ್ಷಣ ಪೂರ್ತಿ ರಕ್ಷಣೆ ಬರುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸುತ್ತಾ ನಾಲ್ಕು ತಿಂಗಳವರೆಗೆ ನಡೆಸಬೇಕು.

45ನೇ ದಿನ ಒಂದು ಗಂಡುಮರಿ ತೆಳ್ಳಗೆ ಬೇಧಿ ಮಾಡಿಕೊಂಡಿತು. ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆ ಮರಿಯನ್ನು ಬೇರೆ ಇಟ್ಟೆವು, ಅದನ್ನು ನೋಡುವವರು ಉಳಿದ ಮರಿಗಳ ಹತ್ತಿರ ಹೋಗಲಿಲ್ಲ. ಡಾಕ್ಟರು ಬಂದು ಪರೀಕ್ಷೆ ಮಾಡಿ, ಇದು ಪಾರ್ವೋ ಅಲ್ಲ, ಹೊಟ್ಟೆ ಕೆಟ್ಟದ್ದು ಅಂದರು. ಮೂರನೇ ದಿನ ಮರಿ ತಾನಾಗಿ ಬಟ್ಟಲಿಗೆ ಬಾಯಿ ಹಾಕಿದಾಗ ಅವ್ವನೇ ಮೊದಲು ನಕ್ಕಳು.

ಶಿವರಾತ್ರಿ ಆಗಿ ಮೂರು ದಿನಕ್ಕೆ 56 ದಿನ ತುಂಬಿದವು. ಗಂಡುನಾಯಿಯವರು ಬಂದು ತಮ್ಮ ಪಾಲಿನ ಗಂಡುಮರಿ ಆರಿಸಿಕೊಂಡರು. ಒಂದು ಹೆಣ್ಣುಮರಿಯನ್ನು ನಾವೇ ಇಟ್ಟುಕೊಂಡೆವು. ಉಳಿದ ನಾಲ್ಕು ಮಾರಿದೆವು, ಗಂಡು 10,000, ಹೆಣ್ಣು 8,000. ಕೊಳ್ಳಲು ಬಂದವರಿಗೆ ನಾವು ಮೂರು ಪ್ರಶ್ನೆ ಕೇಳಿದೆವು. ನಾಯಿ ಓಡಲು ಜಾಗ ಇದೆಯೇ? ನೀವು ಇಲ್ಲದಾಗ ಯಾರು ನೋಡುತ್ತಾರೆ? ಮುಂದಿನ ಲಸಿಕೆ ಎಲ್ಲಿ ಹಾಕಿಸುತ್ತೀರಿ? ನಗರದ ಮೂರನೇ ಅಂತಸ್ತಿನ ಎರಡು ಕೋಣೆಯ ಮನೆಗೆ ಕೇಳಿದವರಿಗೆ ಕೊಡಲಿಲ್ಲ. ಓಡುವುದಕ್ಕೇ ಹುಟ್ಟಿದ ನಾಯಿಯನ್ನು ದಿನವಿಡೀ ಕಟ್ಟಿದರೆ ಅದಕ್ಕೂ ನೆಮ್ಮದಿ ಇಲ್ಲ, ಸಾಕಿದವರಿಗೂ ಇಲ್ಲ. ತೋಟ ಕಾಯಲು ಬೇಕೆಂದ ದ್ರಾಕ್ಷಿ ಬೆಳೆಗಾರರು ಒಬ್ಬರು, ನಿವೃತ್ತ ಸೈನಿಕರು ಒಬ್ಬರು, ನಮ್ಮ ತಾಲೂಕಿನವರೇ ಇಬ್ಬರು ಒಯ್ದರು.

ಪ್ರತಿ ಮರಿಯ ಜೊತೆ ಒಂದು ಕಾಗದ ಕೊಟ್ಟೆವು, ನಕಲು ನಮ್ಮಲ್ಲಿ. ಹುಟ್ಟಿದ ದಿನ, ತಂದೆ ತಾಯಿ, ಜಂತಿನ ಔಷಧದ ತಾರೀಖು, ಲಸಿಕೆಯ ಕಾರ್ಡು, ತಿನ್ನುತ್ತಿದ್ದ ಊಟ, ಕೊಟ್ಟ ಬೆಲೆ. ಹುಚ್ಚುನಾಯಿ ರೋಗದ ಲಸಿಕೆ 3 ತಿಂಗಳಿಗೆ ಹಾಕಿಸಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದೆವು. ಯಾವ ಕಾರಣಕ್ಕಾದರೂ ಸಾಕಲು ಆಗದಿದ್ದರೆ ರಸ್ತೆಗೆ ಬಿಡದೆ ನಮಗೇ ತಿರುಗಿ ಕೊಡಬೇಕು ಎಂಬುದೂ ಅದರಲ್ಲಿತ್ತು. ತಾಯಿ ಮಲಗಿದ ಗೋಣಿತಾಟಿನ ಒಂದು ತುಂಡು ಜೊತೆಗೆ ಕಟ್ಟಿ ಕೊಟ್ಟೆವು. ಹೊಸ ಮನೆಯಲ್ಲಿ ಎರಡು ರಾತ್ರಿ ಮರಿ ಅಳುತ್ತದೆ, ಆ ವಾಸನೆ ಇದ್ದರೆ ಸಮಾಧಾನ.

ಈಗ ಲೆಕ್ಕ. ಸಂಘದ ಸದಸ್ಯರು ಲೆಕ್ಕ ಕೇಳದೆ ಬಿಡುವವರಲ್ಲ. ಬಂದದ್ದು 36,000. ಹೋದದ್ದು: ಡಾಕ್ಟರು, ಔಷಧ, ಲಸಿಕೆ 7,200. ತಾಯಿ ಮತ್ತು ಮರಿಗಳ ಊಟ 8,400. ಪೆಟ್ಟಿಗೆ, ಬಲ್ಬು, ತಾಟು, ಬ್ಲೀಚಿಂಗ್ ಪುಡಿ 1,900. ಓಡಾಟ 1,500. ಒಟ್ಟು 19,000. ಉಳಿದದ್ದು 17,000. ಊಟದ ಲೆಕ್ಕದಲ್ಲಿ ಮನೆಯ ಹಾಲಿಗೂ ಸಂಘದ ದರವನ್ನೇ ಹಿಡಿದಿದ್ದೇವೆ. ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 4,250. ನಮ್ಮ ಮನೆಯಾಕೆ ಮತ್ತು ಮಗಳು ಪಟ್ಟ ದುಡಿಮೆಗೆ ಕೂಲಿ ಹಿಡಿದರೆ ಉಳಿಯುವುದು ಅಷ್ಟಕ್ಕಷ್ಟೇ. 33ನೇ ದಿನಕ್ಕೇ ಮಾರಿದ್ದರೆ 25,000 ಬರುತ್ತಿತ್ತು, ಆಮೇಲಿನ ಸುಮಾರು 7,000 ಖರ್ಚು ಉಳಿಯುತ್ತಿತ್ತು. ಅಂದರೆ ಕಾದದ್ದಕ್ಕೆ ನಗದಿನಲ್ಲಿ ಸಿಕ್ಕದ್ದು 4,000 ಮತ್ತು ಮನೆಯಲ್ಲಿ ಉಳಿದ ಒಂದು ಹೆಣ್ಣುಮರಿ. ಇಷ್ಟಕ್ಕೇ ಆ ಮೂರು ವಾರದ ಕಷ್ಟ ಬೇಕಿತ್ತೇ ಅಂತ ಕೇಳಿದರೆ, ಬೇಕಿತ್ತು ಅಂತಲೇ ನಮ್ಮ ಉತ್ತರ. ಕೊಂಡವರು ಇಂದಿಗೂ ಫೋನು ಮಾಡಿ ನಾಯಿಯ ಕ್ಷೇಮ ಹೇಳುತ್ತಾರೆ. ಮುಂದಿನ ಸೂಲಿಗೆ ಈಗಲೇ ಇಬ್ಬರು ಹೆಸರು ಬರೆಸಿದ್ದಾರೆ. ಹಾಲಿಗೆ ಫ್ಯಾಟು ಹೇಗೋ, ಮಾರುವವನಿಗೆ ನಂಬಿಕೆ ಹಾಗೆ.

ಆದ್ದರಿಂದ ನಾಯಿ ನಂಬಿ ಎಮ್ಮೆ ಮಾರಬೇಡಿ. ಇದು ಉಪಕಸುಬು ಮಾತ್ರ. ಒಂದು ಸೂಲಿನಲ್ಲಿ ಎಲ್ಲ ಮರಿ ಹೋಗುವುದೂ ಉಂಟು. ಬೆದೆಗೆ ಬಂದಾಗಲೆಲ್ಲ ಕೂಡಿಸಿ ತಾಯಿಯನ್ನು ಸವೆಸಬೇಡಿ. ನಾವು ಮಿಂಚಿಗೆ ಒಂದು ವರ್ಷ ಪೂರ್ತಿ ಬಿಡುವು ಕೊಟ್ಟಿದ್ದೇವೆ.

ಸಹಕಾರದ ಮನೆಯಲ್ಲಿ ನಿಂತು ಮಾತಾಡುತ್ತಿರುವುದರಿಂದ ನಾಲ್ಕು ಸಲಹೆ. ಒಂದನೆಯದು, ನಾಯಿ ಸಾಕುವ ಸದಸ್ಯರಿಗಾಗಿ ಸಂಘದಲ್ಲಿ ಒಂದು ವಹಿ ಇಡೋಣ. ಯಾವ ಹೆಣ್ಣಿಗೆ ಯಾವ ಗಂಡು, ಎಷ್ಟು ಮರಿ, ಎಲ್ಲಿಗೆ ಹೋದವು ಎಲ್ಲ ಅದರಲ್ಲಿರಲಿ. ರಕ್ತಸಂಬಂಧ ಕೂಡಿಸುವುದು ತಾನೇ ತಪ್ಪುತ್ತದೆ. ಎರಡನೆಯದು, ವರ್ಷಕ್ಕೊಮ್ಮೆ ಸಂಘದ ಅಂಗಳದಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸೋಣ, ಸಾಕುನಾಯಿ ಬೀದಿನಾಯಿ ಎರಡಕ್ಕೂ. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುವುದು ಬಿಟ್ಟು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ಈ ರೋಗ ಒಮ್ಮೆ ತೋರಿದರೆ ಉಳಿಸುವ ಔಷಧ ಇಲ್ಲ. ಮೂರನೆಯದು, ಒಬ್ಬೊಬ್ಬರೇ ಜೀಪಿನವರ ಎದುರು ನಿಂತರೆ ಬೆಲೆ ಅವರು ಹೇಳಿದ್ದು. ಎಲ್ಲರೂ 8 ವಾರಕ್ಕೆ ಮುಂಚೆ ಕೊಡುವುದಿಲ್ಲ ಅಂತ ಒಂದೇ ಮಾತಿಗೆ ನಿಂತರೆ ಬೆಲೆ ನಾವು ಹೇಳಿದ್ದು. ಹಾಲಿನಲ್ಲಿ 25 ವರ್ಷ ನಾವು ಕಲಿತದ್ದು ಇದೇ ಅಲ್ಲವೇ? ನಾಲ್ಕನೆಯದು, ಹೆಣ್ಣುಮರಿ ಮಾರಾಟವಾಗಲಿಲ್ಲ ಅಂತ ಸಂತೆಗೆ ಒಯ್ದು ಬಿಟ್ಟು ಬರುವ ಕೆಲಸ ನಮ್ಮ ಊರಲ್ಲಿ ನಿಲ್ಲಬೇಕು. ತಳಿಗೆ ಬೇಡವಾದ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅದು ಮನೆ ಕಾಯ್ದುಕೊಂಡು ಸುಖವಾಗಿ ಇರುತ್ತದೆ.

ನಮಗೆ ತಿಳಿದಷ್ಟು ಹೇಳಿದ್ದೇವೆ. ನಮಗಿಂತ ಹೆಚ್ಚು ವರ್ಷ ನಾಯಿ ಸಾಕಿದ ಹಿರಿಯರು ಈ ಸಭೆಯಲ್ಲಿ ಇದ್ದಾರೆ. ಅವರು ತಮ್ಮ ಅನುಭವವನ್ನೂ ಸಂಘದ ವಹಿಯಲ್ಲಿ ಬರೆಸಬೇಕೆಂದು ವಿನಂತಿ. 

ಜೈ ಸಹಕಾರ. ಜೈ ಕರ್ನಾಟಕ.